ಕಿಸೆಯಲ್ಲಿ ಹಿಡಿಯದ ಟ್ಯಾಬು

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಕಾರಹುಣ್ಣಿಮೆಯ ಮರುದಿನ, ಗುರುವಾರ. ಹಿಂದಿನ ದಿನ ರೋಣದಲ್ಲಿ ಎತ್ತುಗಳನ್ನೆಲ್ಲ ಸಿಂಗರಿಸಿ ಓಡಿಸಿದ್ದರು. ಓಡಿದ ಎತ್ತುಗಳು ಸಂಜೆಗೆ ತಮ್ಮ ತಮ್ಮ ಕೊಟ್ಟಿಗೆಗೆ ಬಂದು ನಿಂತವು. ಅವನ್ನು ನೋಡಿ ಕುಣಿದಾಡಿದ ನಾನು ಮಾತ್ರ ಮರುದಿನ ಪಾಟಿಚೀಲ ಹಾಕಿಕೊಂಡು ಸಾಲಿ ಕಡೆ ಹೊರಟವನು, ಸಾಲಿ ದಾಟಿ, ಒಂದು ಖಾಲಿ ಟ್ರ್ಯಾಕ್ಟರ್ ಹತ್ತಿ, ಹೊಳೆಆಲೂರು ಸ್ಟೇಶನ್ನಿನಲ್ಲಿ ಇಳಿದು ಸೋಲಾಪುರದ ರೈಲು ಹಿಡಿದೆ. ಏಳನೇ ಇಯತ್ತೆ ಅಲ್ಲಿಗೇ ನಿಂತಿತು. ನಾನು ನಿಲ್ಲಲಿಲ್ಲ.

ಆಮೇಲೆ ಹೋಟೆಲಿನಲ್ಲಿ ಕಪ್ಪು ತೊಳೆದೆ, ಲಾರಿಯಲ್ಲಿ ಕ್ಲೀನರ್ ಆದೆ, ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿ ಫ್ಯಾನುಗಳ ಕೆಳಗೆ ವಾಚಮನ್ ಆಗಿದ್ದೆ. ಫ್ಯಾನು ನಿಂತಲ್ಲೇ ತಿರುಗುವುದನ್ನು ನೋಡಿ ನೋಡಿ ಬೇಸರ ಬಂದು ಅದನ್ನೂ ಬಿಟ್ಟೆ. ಈಗ ಸಂತೆಯಿಂದ ಸಂತೆಗೆ ಮೊಬೈಲ್ ಕವರು, ಸ್ಕ್ರೀನಿಗೆ ಅಂಟಿಸುವ ಗ್ಲಾಸು ಮಾರುತ್ತೇನೆ. ಕಾಲು ನಿಲ್ಲದವನಿಗೆ ನಗೆಪಾಟಲಿನ ಪ್ರಸಂಗಗಳು ಆಗುತ್ತಲೇ ಇರುತ್ತವೆ, ಅದಕ್ಕೆ ನಾನು ಯಾವತ್ತೂ ಬೇಜಾರು ಮಾಡಿಕೊಂಡವನಲ್ಲ. ಆದರೆ ಈ ವರ್ಷ ಆದವು ನಾನು ತಿರುಗಿದ್ದಕ್ಕಲ್ಲ, ಕುಂತಿದ್ದಕ್ಕೆ.

ಕುಳ್ಳಿರಿಸಿದವಳು ನಮ್ಮ ಅಕ್ಕ. ರೋಣದಲ್ಲಿ ಅವಳ ಮನೆ. ಮಾಮಾನದು, ಅಂದರೆ ಅವಳ ಗಂಡನದು, ಹಿಟ್ಟಿನ ಗಿರಣಿ. ಹೋದ ವರ್ಷ ಮಳೆಗಾಲದಲ್ಲಿ ನಾನು ಕೊಂಕಣದ ಕಡೆ ಇದ್ದಾಗ ಫೋನಿನೊಳಗೆ ನೀರು ಹೊಕ್ಕು ಅದು ಸತ್ತುಹೋಯಿತು. ಯಾರ ನಂಬರೂ ನನಗೆ ಬಾಯಿಪಾಠ ಇರಲಿಲ್ಲ. ಅಕ್ಕ ಆ ಕಡೆಯಿಂದ ಬಂದ ಲಾರಿಗಳನ್ನೆಲ್ಲ ನಿಲ್ಲಿಸಿ, “ನಮ್ಮ ತಮ್ಮನ್ನ ನೋಡೀರೇನ್ರಿ? ಗಿಡ್ಡಕ ಅದಾನ, ಭಾಳ ಮಾತಾಡ್ತಾನ” ಎಂದು ಕೇಳುತ್ತಿದ್ದಳಂತೆ. ಈ ಗುರುತಿನವರು ಬಹಳ ಮಂದಿ ಸಿಕ್ಕಿದ್ದರಂತೆ, ನಾನೊಬ್ಬ ಬಿಟ್ಟು.

ಈ ವರ್ಷ ನಾನು ತಿರುಗಿ ಬಂದ ದಿನವೇ ಅವಳು ಹಟ ಹಿಡಿದಳು: ಇನ್ನು ಊರು ಬಿಡಬಾರದು. ನನ್ನ ಹಟವೂ ಒಂದಿತ್ತು: ಗಣೇಶನ ಚೌತಿ ಮುಗಿದ ಮೇಲೆ ಕೊಲ್ಲಾಪುರದ ಕಡೆ ಹೋಗಬೇಕು, ಅಲ್ಲಿ ಕಬ್ಬು ಕಡಿಯುವವರ ಡೇರೆಗಳಲ್ಲಿ ಕವರು ಚಲೋ ಖರ್ಚಾಗುತ್ತವೆ. ಈ ಎರಡು ಹಟಗಳ ನಡುವೆ ಬಂದು ಕುಂತಿದ್ದು ಒಂದು ಟ್ಯಾಬು.

೧. ಗೇಣಿನ ಅಳತೆ

ಸತ್ತ ಫೋನಿನ ಬದಲಿಗೆ ಹೊಸದು ಬೇಕಾಗಿತ್ತು. ರೋಣದ ಮೊಬೈಲ್ ಅಂಗಡಿಗೆ ನಾನು, ಅಕ್ಕ, ಮಾಮಾ ಮೂವರೂ ಹೋದೆವು. ಅಂಗಡಿಯವನು ಮಾಮಾನ ಗಿರಣಿಯ ಗಿರಾಕಿ. ಗಾಜಿನ ಮೇಲೆ ಎರಡು ಮಾಲು ಇಟ್ಟ. ಒಂದು ದೊಡ್ಡ ಸ್ಕ್ರೀನಿನ ಫೋನು, ಇನ್ನೊಂದು ಸಣ್ಣ ಟ್ಯಾಬು.

“ರೇಟು ಎರಡರದೂ ಹತ್ತಿರ ಹತ್ತಿರನ ಐತ್ರಿ. ಇದು ಸಣ್ಣದರಾಗ ದೊಡ್ಡದು, ಇದು ದೊಡ್ಡದರಾಗ ಸಣ್ಣದು” ಅಂದ.

ಮಾಮಾ ಕೇಳಿದ, “ಟ್ಯಾಬಿನ್ಯಾಗ ಮಾತಾಡಾಕ ಬರ್ತೈತೇನು?”

“ಬರ್ತೈತ್ರಿ ಕಾಕಾ, ಸಿಮ್ ಹಾಕಿದ್ರ ಆತು.”

ಮಾಮಾ ಅದನ್ನು ಎತ್ತಿ ಕಿವಿಗೆ ಹಿಡಿದ. ಕಿವಿ, ಕೆನ್ನೆ, ಮೀಸೆ ಎಲ್ಲ ಅದರ ಹಿಂದೆ ಹೋದವು. ಅಕ್ಕ ಒಂದು ಕ್ಷಣ ನೋಡಿ, “ಮಾರಿ ಕಾಣವಲ್ದು. ಚಲೋ ಐತಿ, ಇದನ್ನ ಕೊಡ್ರಿ” ಅಂದಳು.

ನಾನು ಬಿಡಲಿಲ್ಲ. ದೊಡ್ಡ ಫೋನನ್ನು ಎದೆಯ ಕಿಸೆಯಲ್ಲಿ ಇಟ್ಟುಕೊಂಡೆ. ದನಗಳ ಮೇವಿನ ಗ್ವಾದಲಿಯಿಂದ ಕರು ತಲೆ ಹೊರಹಾಕಿದಂತೆ ಅರ್ಧ ಹೊರಗೇ ಉಳಿಯಿತು. ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದೆ, ಫೋನು ಜಾರಿತು. ಅದು ನೆಲ ಮುಟ್ಟುವ ಮೊದಲೇ ಅಂಗಡಿಯವನು ಹಿಡಿದ.

“ಅಂಜಬ್ಯಾಡ್ರಿ, ದಿನಾ ಇದ ಕೆಲಸ ನಂದು” ಅಂದ.

ಆಮೇಲೆ ಟ್ಯಾಬನ್ನು ಎದೆಯ ಕಿಸೆಗೆ ಹಚ್ಚಿ ನೋಡಿದೆ. ಹೊಲಿಗೆ ಕಟ್ ಅಂದಿತು. ಪ್ಯಾಂಟಿನ ಮುಂದಿನ ಕಿಸೆಗೆ ತುರುಕಿದೆ, ಬಾಯಿಯಲ್ಲೇ ನಿಂತಿತು. ಹಿಂದಿನ ಕಿಸೆಗೆ ಒಯ್ದಾಗ ಅಂಗಡಿಯವನೇ ಕೈ ಮುಗಿದ, “ಅಲ್ಲೆ ಬ್ಯಾಡ್ರಿ, ಮರತು ಕುಂಡ್ರತೀರಿ.” ಅಕ್ಕ ಟ್ಯಾಬಿನ ಮೇಲೆ ಗೇಣು ಹಾಕಿ ಅಳೆದಳು, ನನ್ನ ಕಿಸೆಯ ಮೇಲೆ ಗೇಣು ಹಾಕಿ ಅಳೆದಳು. ಮದುವೆ ಮಾತು ಕುದುರಿದವರ ಹಾಗೆ ಅವಳ ಮುಖ ಅರಳಿತು.

“ಯಕ್ಕಾ, ನಾ ತಿರಗಾಡಾಂವ. ನನಗ ಕಿಸೇದಾಗ ಹಿಡಿಯೂದು ಬೇಕು” ಅಂದೆ.

ಅಂಗಡಿಯವನು ಮಧ್ಯಸ್ಥಿಕೆ ಮಾಡಿದ. “ಚೌತಿ ತನಕ ಟ್ಯಾಬ್ ಇಟ್ಕೊಂಡು ನೋಡ್ರಿ. ಬ್ಯಾಡ ಅನ್ನಿಸಿದ್ರ ಒಂದು ಗೀರಿಲ್ಲದಂಗ ತಂದುಕೊಡ್ರಿ, ಫೋನ್ ಬದಲಿ ಕೊಡ್ತೀನಿ.”

ಹಾಗೆ ಠರಾವು ಆಯಿತು. ಚೌತಿಗೆ ಟ್ಯಾಬು ಮನೆಯಲ್ಲಿ ಉಳಿದರೆ ನಾನೂ ಉಳಿಯಬೇಕು; ಟ್ಯಾಬು ಅಂಗಡಿಗೆ ಹೋದರೆ ನಾನು ಕೊಲ್ಲಾಪುರಕ್ಕೆ. ಹೊರಗೆ ಬಂದ ಮೇಲೆ ಅಕ್ಕ ಮಾಮಾನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: “ಕಿಸೇದಾಗ ಹಿಡಿಯೂದನ್ನ ಕೊಡಸಿದ್ರ ಇಂವ ಊರಾಗ ಹಿಡಿಯೂದಿಲ್ರಿ.”

೨. ಮಂಗಳವಾರದ ಕುಂಕುಮ

ನಮ್ಮಲ್ಲಿ ಹೊಸದು ಏನೇ ಮನೆಗೆ ಬರಲಿ, ಮೊದಲು ಪೂಜೆ. ಗಿರಣಿಗೆ ಹೊಸ ಪಟ್ಟಾ ಹಾಕಿದರೂ ಕಾಯಿ ಒಡೆಯುತ್ತಾರೆ. ಅಕ್ಕ ಟ್ಯಾಬನ್ನು ಮಣೆಯ ಮೇಲೆ ನಿಲ್ಲಿಸಿ, ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಕುಂಕುಮ ಎಲ್ಲಿ ಹಚ್ಚುವುದೆಂದು ಹುಡುಕಿದಳು. ಮೇಲುಗಡೆ ನಡುವೆ ಒಂದು ಸಣ್ಣ ಚುಕ್ಕೆ ಕಂಡಿತು. ಹಣೆಯ ಜಾಗವೇ ಅದು. ನೀರಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ದಪ್ಪಗೆ ಒತ್ತಿದಳು.

ಅದು ಕ್ಯಾಮೆರಾ ಎಂದು ನಾನು ಹೇಳುವಷ್ಟರಲ್ಲಿ ಆರತಿಯೂ ಮುಗಿದಿತ್ತು.

ಮೊದಲ ವಿಡಿಯೋ ಕಾಲ್ ನರಗುಂದಕ್ಕೆ, ಅಕ್ಕನ ಮಗಳಿಗೆ. ಅವಳನ್ನು ಅಲ್ಲಿಗೆ ಕೊಟ್ಟಿದೆ. ನಮಗೆ ಅವಳ ಮುಖ ಪರಾತದಷ್ಟು ದೊಡ್ಡದಾಗಿ ಕಂಡಿತು, ಅಕ್ಕ ಹಿಗ್ಗಿದಳು. ಆ ಕಡೆ ಹುಡುಗಿಗೆ ಕಂಡದ್ದು ಬರೀ ಕೆಂಪು ಮಬ್ಬು.

“ಯವ್ವಾ! ಎಲ್ಲಿ ಅದೀರಿ? ಏನ ಕಾಣವಲ್ದು, ಎಲ್ಲಾ ಕೆಂಪಗಾಗೈತಿ! ಗಿರಣ್ಯಾಗ ಬೆಂಕಿ ಬಿತ್ತೇನು?”

“ಬೆಂಕಿ ಯಾಕ ಬೀಳ್ತೈತಿ? ಹೊಸಾದು ತಂದೀವಿ, ಪೂಜಿ ಮಾಡೇನಿ.”

ನಾನು ಒರೆಸಲು ಬಟ್ಟೆ ತಂದೆ. ಅಕ್ಕ ಕೈ ಹಿಡಿದಳು. “ಏ, ಮಂಗಳವಾರ ಹಚ್ಚಿದ ಕುಂಕುಮ ಅಳಸ್ತಾರೇನೋ? ನಾಳಿಗೆ ನೋಡೂಣು.”

ಹಾಗಾಗಿ ಅವತ್ತು ಇಡೀ ದಿನ ಬೀಗರು, ನೆಂಟರು, ಸವಡಿ ಊರಿನ ಸಣ್ಣವ್ವ, ಎಲ್ಲರಿಗೂ ಕೆಂಪಿನೊಳಗಿಂದಲೇ ಮಾತಾಡಿದೆವು. ಸಂಜೆ ನರಗುಂದದಿಂದ ಮಗಳ ಅತ್ತೆಯೇ ಫೋನ್ ಹಿಡಿದರು. ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಬೀಗಿತ್ತಿಗೆ ಬೇಜಾರಾಗಬಾರದೆಂಬ ದನಿಯಲ್ಲಿ ಹೇಳಿದರು:

“ಮನಿಗೆ ಬಣ್ಣ ಹೊಡಿಸೀರೇನ್ರಿ? ಚಲೋ ಐತಿ. ಒಂದೀಟು ಗಾಢಾ ಆತು ನೋಡ್ರಿ.”

೩. ಹೊಟ್ಟೆ ಮಾತಾಡಿದ್ದು

ಟ್ಯಾಬಿನೊಂದಿಗೆ ಮನೆಯಲ್ಲಿ ಕುಂತು ಹದಿನೈದು ದಿನ ಆಗುವುದರೊಳಗೆ ಅಂಗಾಲು ತುರಿಸತೊಡಗಿತು. ಗಜೇಂದ್ರಗಡದ ಸಂತೆಗಾದರೂ ಹೋಗಿಬರುತ್ತೇನೆಂದು ಟ್ಯಾಬನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಚೀಲದಲ್ಲಿ ಇಟ್ಟದ್ದು ಇಟ್ಟಲ್ಲೇ ಮರೆಯುವುದು ನನ್ನ ಚಾಳಿ. ಸಂತೆಯ ಬಾಜೂಕ್ಕೆ ನಮ್ಮ ಟೇಲರ್ ಚಾಚಾ ಕೂತಿರುತ್ತಾರೆ. ಅವರ ಮುಂದೆ ಟ್ಯಾಬು ಇಟ್ಟು, “ಚಾಚಾ, ಇದು ಹಿಡಿಯೂವಂಗ ನನ್ನ ಅಂಗಿಗೆ ಒಂದು ಕಿಸೆ ಹಚ್ಚಿಕೊಡ್ರಿ” ಅಂದೆ.

ಚಾಚಾ ಟೇಪು ಹಿಡಿದು ಟ್ಯಾಬಿನ ಎದೆ, ಸೊಂಟ, ಉದ್ದ ಎಲ್ಲ ತೆಗೆದುಕೊಂಡರು. ಆಮೇಲೆ ನನ್ನನ್ನು ನೋಡಿದರು.

“ಬೇಟಾ, ಇದು ಅಂಗಿಗೆ ಕಿಸೆ ಹಚ್ಚೂ ಕೆಲಸ ಅಲ್ಲ. ಇಂಥಾ ಕಿಸೆಗೆ ಒಂದು ಅಂಗಿ ಹಚ್ಚಬೇಕಾಗ್ತೈತಿ.”

“ಏನರ ಮಾಡ್ರಿ ಚಾಚಾ.”

ಅವರಿಗೆ ಹಳೆಯದೊಂದು ನೆನಪಾಯಿತು. ಹಿಂದೆ ಹತ್ತಿ ಪೇಟೆಯ ಸಾವುಕಾರರು ರೊಕ್ಕ ಇಟ್ಟುಕೊಳ್ಳಲು ಅಂಗಿಯ ಒಳಗೆ, ಹೊಟ್ಟೆಯ ಮೇಲೆ ಕಿಸೆ ಹಾಕಿಸುತ್ತಿದ್ದರಂತೆ. ಅದೇ ನಮೂನೆಯಲ್ಲಿ ತೆಳ್ಳನೆಯ ಬಟ್ಟೆಯ ಒಂದು ಕಿಸೆ ಹೊಲಿದುಕೊಟ್ಟರು. ಟ್ಯಾಬು ಒಳಗೆ ಕುಂತಿತು. ಹೊರಗಿನಿಂದ ನೋಡಿದರೆ ನನ್ನ ಹೊಟ್ಟೆ ಚೌಕಾಗಿತ್ತು.

ರೋಣದ ಬಸ್ಸು ತುಂಬಿತ್ತು. ಕಿಟಕಿಯ ಕಡೆ ಕುಂತಿದ್ದ ಅವ್ವಾರೊಬ್ಬರು ನನ್ನ ಚೌಕ ಹೊಟ್ಟೆ ನೋಡಿ ಅಯ್ಯೋ ಅಂದರು. “ಪಟ್ಟಿ ಕಟ್ಟ್ಯಾರ ನೋಡ ಪಾಪ. ಕುಂಡ್ರು ಯಪ್ಪಾ, ನಾ ನಿಂದರತೀನಿ.” ನಾನು ಬ್ಯಾಡ ಬ್ಯಾಡ ಅನ್ನುತ್ತಲೇ ಕುಂತೆ. ಪಕ್ಕದ ಅಜ್ಜ ಕೇಳಿದ, “ಯಾವ ದವಾಖಾನ್ಯಾಗ ಕೊಯ್ಸಿದ್ರಿ?” ಸೀಟು ಹೋಗುತ್ತದೆಂದು ನಾನು ಮೆಲ್ಲಗೆ ನರಳಿದೆ. ಅಜ್ಜ ಒಂದು ಬಾಳೆಹಣ್ಣನ್ನೂ ಕೊಟ್ಟ.

ಅಷ್ಟರಲ್ಲಿ ಹೊಟ್ಟೆಯೊಳಗೆ ರಿಂಗ್ ಶುರುವಾಯಿತು. ಅದೇ ವೇಳೆಗೆ ಬಸ್ಸು ಗುಂಡಿಗೆ ಬಿತ್ತು, ನನ್ನ ಕೈ ಹೊಟ್ಟೆಯ ಮೇಲೆ ಬಿತ್ತು, ತೆಳ್ಳನೆಯ ಬಟ್ಟೆಯ ಮೇಲಿಂದಲೇ ಕಾಲ್ ಹತ್ತಿಕೊಂಡಿತು. ಟ್ಯಾಬಿನ ಸ್ಪೀಕರಿನಲ್ಲಿ ಅಕ್ಕನ ದನಿ ಬಸ್ಸಿಗೆಲ್ಲ ಕೇಳುವಂತೆ ಬಂತು:

“ಉಂಡೀಯೇನೋ?”

ಬಸ್ಸಿನವರೆಲ್ಲ ನನ್ನ ಕಡೆ ಹೊರಳಿದರು. ಅಜ್ಜ ಬಗ್ಗಿ ನನ್ನ ಹೊಟ್ಟೆ ನೋಡಿದ. “ನಿಮ್ಮ ಹೊಟ್ಟಿನ ಕೇಳಾಕತ್ತೈತ್ರಿ. ಉತ್ತರಾ ಕೊಡ್ರಿ.” ನಾನು ಅಂಗಿಯ ಗುಂಡಿ ಹುಡುಕುವಷ್ಟರಲ್ಲಿ ತಾನೇ ಹೊಟ್ಟೆಯ ಹತ್ತಿರ ಬಾಯಿ ತಂದು, “ಬಾಳಿಹಣ್ಣು ತಿಂದಾರ್ರಿ! ಆಪರೇಶನ್ ಆದ ಹೊಟ್ಟಿ, ಭಾಳ ಕೊಡಾಕ ಬರೂದಿಲ್ಲ” ಅಂದ.

“ಯಾವ ಆಪರೇಶನ್ನೋ ಯಪ್ಪಾ!” ಎಂದು ಹೊಟ್ಟೆ ಚೀರಿತು.

ನಾನು ಗುಂಡಿ ಬಿಚ್ಚಿ ಟ್ಯಾಬು ತೆಗೆದೆ. ನಿಂತಿದ್ದ ಅವ್ವಾರು ಟ್ಯಾಬು ನೋಡಿದರು, ನನ್ನನ್ನು ನೋಡಿದರು.

“ಏಳಪಾ, ಏಳು. ನಿನ್ನ ಹೊಟ್ಟಿ ಕರಕೊಂಡು ಅತ್ತಾಗ ನಿಂದರು.”

೪. ಮದುವೆ ಊಟ

ಮನೆಗೆ ಬಂದ ಕೂಡಲೇ ಅಕ್ಕ ಆ ಕಿಸೆಯನ್ನು ಬಿಚ್ಚಿ, ಒಲೆಯ ಮೇಲಿನ ರೊಟ್ಟಿ ಹಂಚು ಇಳಿಸುವ ಬಟ್ಟೆ ಮಾಡಿದಳು. ಅಷ್ಟಕ್ಕೇ ಬಿಡಲಿಲ್ಲ. ಶ್ರಾವಣ ಬಂದಿತ್ತು, ನರಗುಂದದಲ್ಲಿ ಮಗಳ ಮಾವನವರು ತಮ್ಮ ಓಣಿಯ ಗುಡಿಯಲ್ಲಿ ತಿಂಗಳಪೂರ್ತಿ ಪುರಾಣ ಓದುತ್ತಾರೆ. ಹಳೆಯ ಪುಸ್ತಕದ ಅಕ್ಷರ ಈಗ ಅವರ ಕಣ್ಣಿಗೆ ಹತ್ತುವುದಿಲ್ಲ. ಅಳಿಯ ಆ ಪುಸ್ತಕದ ಹಾಳೆಗಳನ್ನೆಲ್ಲ ಫೋಟೋ ತೆಗೆದು ಟ್ಯಾಬಿಗೆ ಹಾಕಿಕೊಡುತ್ತೇನೆಂದ. ಅಕ್ಕ ನನ್ನನ್ನು ಕೇಳದೆಯೇ ಟ್ಯಾಬು ಕಳಿಸಿಕೊಟ್ಟಳು.

ಈಗ ನನ್ನ ಗತಿ ನೋಡಿರಿ. ಚೌತಿಗೆ ಬದಲಿ ಮಾಡಿಕೊಳ್ಳಬೇಕೆಂದರೆ ಟ್ಯಾಬು ಬೇಕು, ಟ್ಯಾಬು ನರಗುಂದದಲ್ಲಿ. ಅದು ಊರೂರು ಹೊಂಟಿತ್ತು, ನಾನು ಗಿರಣಿಯಲ್ಲಿ ಕುಂತು ಜೋಳ ತೂಗುತ್ತಿದ್ದೆ. ಮಾಮಾ ಹಿಟ್ಟು ಝಾಡಿಸುತ್ತ, “ನಿಮ್ಮಿಬ್ಬರಾಗ ಕಾಲು ಯಾರಿಗೆ ಅದಾವಂತ ತಿಳೀವಲ್ದು” ಅನ್ನುತ್ತಿದ್ದ.

ತಡೆಯಲಾರದೆ ಶ್ರಾವಣದ ಕೊನೆಗೆ ನರಗುಂದಕ್ಕೆ ಹೋದೆ. ಗುಡಿ ತುಂಬಿತ್ತು. ಮಾವನವರು ಟ್ಯಾಬನ್ನು ಪುರಾಣದ ಪೀಠದ ಮೇಲೆ ಇಟ್ಟು, ಸುತ್ತ ಹೂ ಹಾಕಿ, ಎರಡು ಬೆರಳಿನಿಂದ ಅಕ್ಷರ ಹಿಗ್ಗಿಸಿ ಓದುತ್ತಿದ್ದರು. ಅವತ್ತು ರಾಜಕುಮಾರಿಯ ಮದುವೆ. ಹಂದರ ಹಾಕಿ ಆಗಿತ್ತು, ಹುಡುಗಿಗೆ ಅರಿಷಿಣ ಹಚ್ಚಿ ಆಗಿತ್ತು, ವರ ಊರ ಬಾಗಿಲಿಗೆ ಬಂದಿದ್ದ. ಅಷ್ಟಕ್ಕೆ ನಿಲ್ಲಿಸಿ, “ಈಗ ಮಂಗಳಾರತಿ, ಆಮ್ಯಾಲೆ ಅಕ್ಕಿಕಾಳು” ಅಂದರು.

ಮಂಗಳಾರತಿ ಆದ ಮೇಲೆ ಪುರಾಣದ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ರೂಢಿ. ಮಂದಿ ಸಾಲಾಗಿ ಬಂದರು. ಒಬ್ಬೊಬ್ಬರೂ ಟ್ಯಾಬಿನ ಮೇಲೆ ಭಕ್ತಿಯಿಂದ ಬೆರಳು ಎಳೆದು ಕಣ್ಣಿಗೆ ಒತ್ತಿಕೊಂಡರು. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹೊರಳಿತು. ಭಕ್ತಿ ಹೆಚ್ಚಿದ್ದವರು ಎರಡೂ ಕೈ ಎಳೆದರು. ನಾನು ದೂರದಿಂದ ನೋಡುತ್ತಿದ್ದೆ, ಆದರೆ ಸಾಲು ತಪ್ಪಿಸಿ ಮುಂದೆ ಹೋಗುವ ಧೈರ್ಯ ಆಗಲಿಲ್ಲ.

ಎಲ್ಲರೂ ಕುಂತರು, ಕೈಯಲ್ಲಿ ಅಕ್ಕಿಕಾಳು ಹಿಡಿದುಕೊಂಡರು. ಮಾವನವರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದರು: “ಇಂತು ಆ ರಾಜಕುಮಾರಿಯು ತನ್ನ ಮೊಮ್ಮಗನ ತೊಟ್ಟಿಲನ್ನು ತೂಗುತ್ತ...”

ಓದಿ ಅವರೇ ನಿಂತರು. ಅಕ್ಕಿಕಾಳು ಹಿಡಿದ ಕೈಗಳು ಗಾಳಿಯಲ್ಲೇ ಉಳಿದವು. ಮುಂದಿನ ಸಾಲಿನ ಅಜ್ಜಿ ಎದ್ದು ನಿಂತು, ಸಿಟ್ಟಿನಿಂದಲ್ಲ, ನ್ಯಾಯ ಕೇಳುವವಳ ಹಾಗೆ ಅಂದಳು:

“ಮೊಮ್ಮಗ ಆಗ್ಲಿ ಬಿಡ್ರಿ, ಸಂತೋಷ. ಆದ್ರ ನಮಗ ಮದುವಿ ಊಟಾನ ಹಾಕಲಿಲ್ಲಲ್ರಿ!”

೫. ದೂರದವರ ಮುಖ

ಟ್ಯಾಬು ರೋಣಕ್ಕೆ ಬಂತು. ಚೌತಿ ಹತ್ತಿರ ಬಂದಿತ್ತು. ಅಷ್ಟರಲ್ಲಿ ಓಣಿಗೆ ಅದರ ರುಚಿ ಹತ್ತಿತು.

ಬಾಜೂಮನೆಯ ಅಜ್ಜಿಗೆ ಗೋವಾದಲ್ಲಿ ಗಾಡಿ ಹೊಡೆಯುವ ಮೊಮ್ಮಗ. ಎದುರುಮನೆಯ ಆಪಾಗೆ ಪುಣೆಯಲ್ಲಿ ಮನೆ ಕಟ್ಟುವ ಗವಂಡಿ ಕೆಲಸದ ಗಂಡ. ಸಂಜೆ ಆದರೆ ಸಾಕು, ಇಬ್ಬರೂ ನಮ್ಮ ಪಡಸಾಲೆಗೆ ಬಂದು ಟ್ಯಾಬನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕುಂಡ್ರುತ್ತಿದ್ದರು. ಸಣ್ಣ ಫೋನಿನಲ್ಲಿ ಕಾಳಿನಷ್ಟು ಕಾಣುತ್ತಿದ್ದ ಮುಖ ಇದರಲ್ಲಿ ತಾಟಿನಷ್ಟು. “ಗಡ್ಡಾ ಯಾಕ ಬಿಟ್ಟಿ?” “ಕಣ್ಣಿನ ಕೆಳಗ ಕರ್ರಗ ಆಗೈತಿ, ನಿದ್ದಿ ಮಾಡ್ತೀರಿಲ್ಲೋ?” ಬೈಯುವುದು, ಅಳುವುದು, ನಗುವುದು ಎಲ್ಲ ನಡೆಯುತ್ತಿತ್ತು. ಅಕ್ಕ ಎಲ್ಲರಿಗೂ ಚಹಾ ಕೊಟ್ಟು ಹಿಂದೆ ಕುಂಡ್ರುತ್ತಿದ್ದಳು. ಅವಳ ಬಾಜೂಕ್ಕೆ ಹೊರಸಿನ ಮೇಲೆ ನಾನು, ಚುರುಮುರಿ ತಿನ್ನುತ್ತ.

ಒಂದು ಸಂಜೆ ಅಜ್ಜಿ ತಿರುಗಿ ಕೇಳಿದಳು, “ನೀ ಯಾರಿಗೂ ಹಚ್ಚೂದಿಲ್ಲೇನವಾ? ನಿನ್ನವರು ಯಾರೂ ಹೊರಗಿಲ್ಲೇನು?”

ಅಕ್ಕ ನನ್ನ ಕಡೆ ನೋಡಿದಳು. ಸಂತೆ ಮುಗಿದ ಮೇಲೆ ಉಳಿದ ಬದನೆಕಾಯಿಯನ್ನು ನೋಡುವ ನೋಟ.

ಮರುದಿನ ಊಟಕ್ಕೆ ನೀಡುತ್ತ ಕೇಳಿದಳು, “ತಮ್ಮಾ, ಆ ಕೊಲ್ಲಾಪುರದ ಕಡೆ ಯಾವಾಗ ಹೊಂಟೀದಿ?”

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಳಿಸಿದೆ. “ನೀನ ಬ್ಯಾಡ ಅಂದಿದ್ದೆಲ್ಲ ಯಕ್ಕಾ?”

“ನಾ ಯಾವಾಗ ಬ್ಯಾಡ ಅಂದೆ? ಸುದ್ದಿ ಇಲ್ಲದಂಗ ಹೋಗಬ್ಯಾಡ ಅಂದೆ. ಟ್ಯಾಬ್ ನಂದು, ಚಹಾ ನಂದು, ಕುಂತು ಮಾತಾಡಾವ್ರು ಮಂದಿ. ಕಣ್ಣ ಮುಂದ ಬಿದ್ದಾವನ ಮಾರಿ ಅದರಾಗ ಹಾಕಿ ಏನ ನೋಡ್ಲಿ?”

“ಹಂಗಾರ ಟ್ಯಾಬ್ ಅಂಗಡಿಗೆ ಕೊಟ್ಟು ಫೋನ್ ತರತೀನಿ.”

“ಟ್ಯಾಬ್ ಎಲ್ಲಿಗೂ ಹೋಗೂದಿಲ್ಲ. ಹೋಗಾಂವ ನೀ.”

ಮಾಮಾ ಮೂಲೆಯಿಂದ ಅಂದ, “ಇಬ್ಬರಾಗ ಯಾರನ್ನ ಇಟ್ಕೊಳ್ಳೂಣಂತ ನಿನ್ನೆ ನನಗೂ ಕೇಳಿದ್ಲು. ನಾ ಟ್ಯಾಬ್ ಅಂದೆ. ಅದು ರೊಟ್ಟಿ ತಿನ್ನೂದಿಲ್ಲ.”

ಚೌತಿಯ ಮರುದಿನ ಅಕ್ಕನೇ ನನ್ನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿ, ಎಮ್ಮೆ ಹಾಲು ಮಾರಿ ಕೂಡಿಟ್ಟ ರೊಕ್ಕದಲ್ಲಿ ದೊಡ್ಡ ಸ್ಕ್ರೀನಿನ ಫೋನು ಕೊಡಿಸಿದಳು. ಎದೆಯ ಕಿಸೆಗೆ ತಾನೇ ಒಂದು ಮುಚ್ಚಳ ಹೊಲಿದು, ಗುಂಡಿ ಹಚ್ಚಿದಳು. “ಬಗ್ಗು” ಅಂದಳು, ಬಗ್ಗಿದೆ. “ಇನ್ನೂ ಬಗ್ಗು.” ಫೋನು ಬೀಳಲಿಲ್ಲ. ಆಮೇಲೆ ಕುಳ್ಳಿರಿಸಿ ತನ್ನ ನಂಬರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದಳು. ತಪ್ಪಿದಾಗ ತಲೆಗೆ ಮೊಟಕಿದಳು. ಬಿಟ್ಟ ಸಾಲಿ ನನ್ನನ್ನು ಅಲ್ಲಿ ಹಿಡಿಯಿತು.

ಇವತ್ತು ಚೀಲ ತುಂಬಲು ಕುಂತೆ. ಕವರಿನ ಕಟ್ಟು, ಗ್ಲಾಸಿನ ಡಬ್ಬಿ, ಎರಡು ಅಂಗಿ, ಕಟಕ ರೊಟ್ಟಿ, ಶೇಂಗಾ ಚಟ್ನಿ. ಅರ್ಧ ತುಂಬಿದಾಗ ಅಕ್ಕ ಅಂದಳು, “ಹೊರಗ ಹೋಗಿ ಒಂದ್ ಸಲ ಹಚ್ಚಿ ತೋರ್ಸು. ಹ್ಯಾಂಗ ಕಾಣ್ತಿ ನೋಡ್ತೀನಿ.”

ಅಂಗಳದ ನಳದ ಹತ್ತಿರ ನಿಂತು ವಿಡಿಯೋ ಕಾಲ್ ಹಚ್ಚಿದೆ. ಒಳಗೆ ಹಿಟ್ಟಿನ ಡಬ್ಬಿಗೆ ಆನಿಸಿದ ಟ್ಯಾಬಿನ ಮುಂದೆ ಅಕ್ಕ, ಅಜ್ಜಿ, ಆಪಾ ಮೂವರೂ ಇದ್ದರು. ಅಕ್ಕ ನನ್ನ ಮುಖ ನೋಡಿದಳು. ಸೆರಗು ಕಣ್ಣಿಗೆ ಹೋಯಿತು.

“ಎಷ್ಟ ಸೊರಗೀಯೋ ತಮ್ಮಾ! ಅಲ್ಲೆ ಊಟ ಸಿಗೂದಿಲ್ಲೇನು?”

“ಯಕ್ಕಾ, ನಾ ನಳದ ಹತ್ರ ಅದೀನಿ. ಈಗ ನಿನ್ನ ಕೈಲೆ ಉಂಡು ಎದ್ದೀನಿ.”

“ಅದೆಲ್ಲಾ ನನಗ ಗೊತ್ತಿಲ್ಲ. ಊರಿಗೆ ಯಾವಾಗ ಬರ್ತಿ, ಹೇಳು.”

“ಚೀಲ ಒಳಗ ಐತಿ, ಈಗ ಬಂದೆ” ಅಂದು, ಕಾಲ್ ಕಟ್ ಮಾಡದೆ ಫೋನನ್ನು ಹಾಗೇ ಕಿಸೆಯಲ್ಲಿ ಹಾಕಿ, ಗುಂಡಿ ಹಚ್ಚಿಕೊಂಡು ಒಳಗೆ ಬಂದೆ. ಅವಳ ಬೆನ್ನ ಹಿಂದೆ ಕುಂತು ಚೀಲದ ಬಾಯಿ ಕಟ್ಟತೊಡಗಿದೆ. ಅಕ್ಕ ತಿರುಗಿ ನೋಡಲಿಲ್ಲ, ಕತ್ತಲಾದ ಟ್ಯಾಬಿನೊಳಗೇ ಕಣ್ಣು ನೆಟ್ಟು ಕೂಗುತ್ತಿದ್ದಳು:

“ತಮ್ಮಾ! ಏ ತಮ್ಮಾ! ಕತ್ತಲಾತಲ್ಲೋ, ಎಲ್ಲಿ ಹೋದಿ?”

“ಎಲ್ಲೂ ಹೋಗಿಲ್ಲ ಯಕ್ಕಾ” ಅಂದೆ, ಗಂಟು ಬಿಗಿಯುತ್ತ. “ನೀ ಗುಂಡಿ ಹಚ್ಚಿದ ಕಿಸೇದಾಗ ಅದೀನಿ.”